ಬಿಳಿ ಕೂದಲಿಗೆ ಬಣ್ಣ ಹಚ್ಚುವವಳ ಅನುಭವ: ನಿಮ್ಮ ಪ್ರಶ್ನೆಗಳೂ ಬರಲಿ

ಕತ್ತರಿ_ಬಾಚಣಿಗೆ

ಕೂದಲಿಗೆ ಬಣ್ಣ ಹಚ್ಚುವುದು ನನ್ನ ಕಸುಬು. "ಡೈ ಹಾಕಿದರೂ ಕಣತಲೆ ಹತ್ತಿರ ಬಿಳಿ ಹಾಗೇ ಉಳಿಯುತ್ತೆ", "ಬುಡ ಕೆಂಪು, ತುದಿ ಕರ್ರಗೆ ಆಗಿದೆ, ಏನು ಮಾಡಲಿ" ಅನ್ನುವ ಪ್ರಶ್ನೆಗಳು ಇಲ್ಲಿ ಪದೇ ಪದೇ ಬರುತ್ತವೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಬರೆಯುವ ಬದಲು ಒಂದೇ ಕಡೆ ಹೇಳಿಬಿಡೋಣ ಅಂತ ಶುರು ಮಾಡುತ್ತಿದ್ದೇನೆ.

ಮೊದಲು ನನ್ನ ಅಭಿಪ್ರಾಯ. ಕುರ್ಚಿಗೆ ಬಂದು ಕೂರುವ ಹೆಚ್ಚಿನವರಿಗೆ ಕಾಟ ಕೊಡುತ್ತಿರುವುದು ಬಿಳಿ ಕೂದಲಿಗಿಂತ ಜಾಸ್ತಿ ಅವರೇ ಆರಿಸಿಕೊಂಡ ಕಡು ಕಪ್ಪು. ಶೇಡ್ ಕಾರ್ಡಿನಲ್ಲಿ 1 ಅಂದರೆ ಕಪ್ಪು, 10 ಅಂದರೆ ತೀರಾ ತಿಳಿ ಹೊಂಬಣ್ಣ. ನಮ್ಮದು ಕಪ್ಪು ಕೂದಲು ಅಂತ ಹೇಳಿಕೊಳ್ಳುವ ಬಹಳ ಜನರ ಕೂದಲನ್ನು ಬಿಸಿಲಿಗೆ ಹಿಡಿದು ನೋಡಿ, ಅದು 2 ಅಥವಾ 3 ಇರುತ್ತದೆ, ಅಂದರೆ ಕಡು ಕಂದು. ಅದರ ಮೇಲೆ 1 ಹಚ್ಚಿದರೆ ನಿಮ್ಮ ಹುಟ್ಟು ಬಣ್ಣಕ್ಕಿಂತಲೂ ಕಪ್ಪಾಯಿತು. ಮುಖದ ನೆರಿಗೆಗಳು ಎದ್ದು ಕಾಣುತ್ತವೆ. ಕೂದಲು ತಿಂಗಳಿಗೆ ಹೆಚ್ಚೂಕಡಿಮೆ 1.25 ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾಗಿ ಎರಡು ವಾರ ಕಳೆಯುವುದರೊಳಗೆ ಬೈತಲೆಯಲ್ಲಿ ಬಿಳಿ ಗೆರೆ. ಅದೇ ತಲೆಗೆ 3 ಅಥವಾ 4 ಹಚ್ಚಿದ್ದರೆ ಗೆರೆ ಅಷ್ಟು ಚುಚ್ಚುತ್ತಿರಲಿಲ್ಲ, ಇನ್ನೂ ಎರಡು ವಾರ ತಳ್ಳಬಹುದಿತ್ತು.

ಇನ್ನೊಂದು ವಿಷಯ. ಬಿಳಿ ಮುಚ್ಚುವುದು ಬುಡದ ಕೆಲಸ. ಹೊಸದಾಗಿ ಬೆಳೆದ ಒಂದು, ಒಂದೂವರೆ ಸೆಂಟಿಮೀಟರಿಗೆ ಮಾತ್ರ ಬಣ್ಣ ಬೇಕು. ಪ್ರತಿ ಸಲವೂ ಬುಡದಿಂದ ತುದಿಯವರೆಗೆ ಎಳೆದುಕೊಂಡು ಹೋದರೆ ತುದಿಯಲ್ಲಿ ಬಣ್ಣದ ಮೇಲೆ ಬಣ್ಣ ಕೂತು ಮಸಿ ಬಳಿದಂತಾಗುತ್ತದೆ. ತುದಿ ಮಂಕಾಗಿದ್ದರೆ ಕೊನೆಯ ಐದು ನಿಮಿಷ ಬಣ್ಣಕ್ಕೆ ಸ್ವಲ್ಪ ನೀರು ಬೆರೆಸಿ ಸವರಿದರೆ ಸಾಕು. ಅದೂ ಪ್ರತಿ ಸಲ ಬೇಡ.

---

ಅರ್ಧನರೆ

ಅಕ್ಕ, ನನ್ನದು ಸರಿಯಾಗಿ ನೀವು ಹೇಳಿದ ತಲೆಯೇ. ಹಣೆಯ ಅಂಚು, ಕಿವಿಯ ಮುಂದೆ ಬಣ್ಣ ಹಿಡಿಯುವುದೇ ಇಲ್ಲ. ಹಿಂದೆಲ್ಲ ಚೆನ್ನಾಗಿ ಹಿಡಿಯುತ್ತದೆ. ಪೆಟ್ಟಿಗೆಯ ಮೇಲೆ ನೂರಕ್ಕೆ ನೂರು ಬಿಳಿ ಮುಚ್ಚುತ್ತದೆ ಅಂತ ಬರೆದಿರುತ್ತಾರೆ. ಹಾಗಾದರೆ ನನ್ನ ಕೂದಲಿಗೇ ಏನೋ ಆಗಿದೆಯಾ?

---

ಕತ್ತರಿ_ಬಾಚಣಿಗೆ

ನಿಮ್ಮ ಕೂದಲಿಗೆ ಏನೂ ಆಗಿಲ್ಲ. ಕೂದಲಿನ ಹೊರಪದರ ಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರುತ್ತದೆ. ಬಿಳಿ ಕೂದಲು ಎಷ್ಟೋ ಸಲ ದಪ್ಪ, ಒರಟು, ಅದರ ಹೊರಪದರ ಬಿಗಿ. ಹಣೆಯಂಚಿನಲ್ಲಿ, ಕಣತಲೆಯಲ್ಲಿ ಇಂಥವೇ ಜಾಸ್ತಿ. ಬಣ್ಣ ಒಳಗೆ ಇಳಿಯುವುದು ತಡ.

ಮೊದಲು ನಿಮ್ಮನ್ನೇ ಒಂದು ಪ್ರಶ್ನೆ ಕೇಳುತ್ತೇನೆ. ಬಣ್ಣ ಎಲ್ಲಿಂದ ಶುರು ಮಾಡುತ್ತೀರಿ? ಸುಲಭ ಅಂತ ಹಿಂದಿನಿಂದ ಶುರು ಮಾಡಿ ಮುಂದಕ್ಕೆ ಬಂದರೆ, ಗಟ್ಟಿ ಕೂದಲಿಗೆ ಕಡಿಮೆ ಸಮಯ, ಮೆತ್ತನೆಯ ಕೂದಲಿಗೆ ಜಾಸ್ತಿ ಸಮಯ ಸಿಗುತ್ತದೆ. ತಿರುಗುಮುರುಗು ಮಾಡಿ. ಬಿಳಿ ಎಲ್ಲಿ ಜಾಸ್ತಿಯೋ ಅಲ್ಲಿಂದಲೇ ಶುರು.

ಎರಡನೆಯದು, ದಪ್ಪಗೆ ಹಚ್ಚಿ. ಕೈ ಬಿಗಿ ಮಾಡಬೇಡಿ. ಎಣ್ಣೆ ತಿಕ್ಕಿದ ಹಾಗೆ ತಿಕ್ಕಿದರೆ ಬಣ್ಣ ತೆಳುವಾಗಿ, ಬೇಗ ಒಣಗಿ ಕೆಲಸ ನಿಲ್ಲಿಸಿಬಿಡುತ್ತದೆ. ಬ್ರಷ್‌ನಲ್ಲಿ ತೆಗೆದು ಬುಡದ ಮೇಲೆ ಕೂರಿಸಬೇಕು. ಅರ್ಧ ಸೆಂಟಿಮೀಟರ್ ಅಗಲದ ಸಣ್ಣ ಸಣ್ಣ ಬೈತಲೆ ತೆಗೆಯುತ್ತಾ ಹೋಗಿ. ದಪ್ಪ ದಪ್ಪ ಪದರ ಎತ್ತಿ ಹಚ್ಚಿದರೆ ಒಳಗೆ ಹಾಗೇ ಬಿಳಿ ಉಳಿಯುತ್ತದೆ, ಗಾಳಿ ಬಂದಾಗ ಗೊತ್ತಾಗುತ್ತದೆ.

ಮೂರನೆಯದು ಸಮಯ. ಬಿಳಿ ಕೂದಲಿಗೆ ಬಹಳಷ್ಟು ಬಣ್ಣಗಳು 35ರಿಂದ 45 ನಿಮಿಷ ಕೇಳುತ್ತವೆ. ಪೆಟ್ಟಿಗೆಯ ಮೇಲೆ ಬರೆದಿರುವಷ್ಟು ಪೂರ್ತಿ ಬಿಡಿ, ಅದಕ್ಕಿಂತ ಜಾಸ್ತಿಯೂ ಬೇಡ. ಇಪ್ಪತ್ತು ನಿಮಿಷಕ್ಕೆ ಕನ್ನಡಿಯಲ್ಲಿ ಎಲ್ಲ ಕರ್ರಗೆ ಕಾಣುತ್ತದೆ, ಆಯಿತು ಅಂತ ತೊಳೆದುಬಿಡುತ್ತಾರೆ. ಕಾಣುವುದು ಕ್ರೀಮಿನ ಬಣ್ಣ, ಕೂದಲಿನದಲ್ಲ. ಬೇಗ ತೊಳೆದರೆ ನಾಲ್ಕೈದು ಸ್ನಾನಕ್ಕೆ ಬಣ್ಣ ಹೋಗಿ ಬಿಳಿ ಮತ್ತೆ ಕಾಣುತ್ತದೆ.

ಇಷ್ಟೆಲ್ಲ ಮಾಡಿಯೂ ಹಿಡಿಯದಿದ್ದರೆ ನಾನು ಆ ಜಾಗಕ್ಕೆ ಮಾತ್ರ ಮೊದಲು 20 ವಾಲ್ಯೂಮ್ ಡೆವಲಪರ್ (ಬಣ್ಣಕ್ಕೆ ಬೆರೆಸುವ ಪೆರಾಕ್ಸೈಡ್) ಒಂದನ್ನೇ ಹಚ್ಚಿ ಹತ್ತು ನಿಮಿಷ ಬಿಟ್ಟು, ಒರೆಸಿ, ಅದರ ಮೇಲೆ ಬಣ್ಣ ಹಚ್ಚುತ್ತೇನೆ. ಹೊರಪದರ ಸ್ವಲ್ಪ ಸಡಿಲವಾಗುತ್ತದೆ.

---

ಬುಡ_ಬಣ್ಣ

ನಾನೂ ಇದೇ ಕೆಲಸದವನು. ಎಲ್ಲ ಒಪ್ಪುತ್ತೇನೆ, ಕೊನೆಯದೊಂದು ಬಿಟ್ಟು. ಮೊದಲೇ ಡೆವಲಪರ್ ಹಚ್ಚಿ ಸಡಿಲ ಮಾಡುವುದು ಹಳೆಯ ಪದ್ಧತಿ. ಈಗಿನ ಬಣ್ಣಗಳಿಗೆ ಅದರ ಅಗತ್ಯ ಬಹಳ ಕಡಿಮೆ. ಬಿಳಿ ಯಾಕೆ ಹಿಡಿಯುತ್ತಿಲ್ಲ ಅಂತ ನೋಡಿದರೆ ಹತ್ತರಲ್ಲಿ ಒಂಬತ್ತು ಸಲ ಶೇಡ್ ಆಯ್ಕೆಯೇ ತಪ್ಪಾಗಿರುತ್ತದೆ. ಜನ 4.5, 5.6 ಥರದ ಕೆಂಪು ಛಾಯೆ ಆರಿಸಿಕೊಂಡು ನೇರವಾಗಿ ಬಿಳಿಯ ಮೇಲೆ ಹಚ್ಚುತ್ತಾರೆ. ಚುಕ್ಕೆಯ ನಂತರದ ಅಂಕಿ ಛಾಯೆ ಮಾತ್ರ ಕೊಡುತ್ತದೆ. ಬಿಳಿ ಕೂದಲಿನ ಒಳಗೆ ಏನೂ ಇಲ್ಲ, ಖಾಲಿ. ಆ ಖಾಲಿ ಜಾಗ ತುಂಬಲು ಅದೇ ಮಟ್ಟದ ನ್ಯಾಚುರಲ್ ಶೇಡ್, ಅಂದರೆ ಬೇರೆ ಛಾಯೆ ಇಲ್ಲದ್ದು, ಬೇಕು. ಅರ್ಧಕ್ಕಿಂತ ಜಾಸ್ತಿ ಬಿಳಿ ಇದ್ದರೆ ಅರ್ಧ ನ್ಯಾಚುರಲ್, ಅರ್ಧ ಛಾಯೆಯ ಶೇಡ್ ಬೆರೆಸಿ. ಕಾಲುಭಾಗ ಬಿಳಿ ಇದ್ದರೆ ನ್ಯಾಚುರಲ್ ಕಾಲುಭಾಗ ಸಾಕು.

---

ಕತ್ತರಿ_ಬಾಚಣಿಗೆ

ಸರ್, ಬೆರೆಸುವುದರ ಬಗ್ಗೆ ನೂರಕ್ಕೆ ನೂರು ಸರಿ, ನಾನು ಬರೆಯುವುದು ಬಿಟ್ಟಿದ್ದೆ. ಖಾಲಿ ಬಿಳಿಯ ಮೇಲೆ ಬರೀ ಕೆಂಪು ಹಚ್ಚಿದರೆ ಮುಚ್ಚುವುದಿರಲಿ, ಕೂದಲು ಬೆಂಕಿಯ ಹಾಗೆ ಕೆಂಪಗೆ ಕಾಣುತ್ತದೆ. ಆದರೆ ಡೆವಲಪರ್ ವಿಷಯದಲ್ಲಿ ನಾನು ಹಿಂದೆ ಸರಿಯುವುದಿಲ್ಲ. ಗಾಜಿನ ನಾರಿನಂಥ ಕೂದಲು ಕೆಲವರಿಗೆ ಇರುತ್ತದೆ, ನ್ಯಾಚುರಲ್ ಹಾಕಿ 45 ನಿಮಿಷ ಬಿಟ್ಟರೂ ಜಾರಿಕೊಂಡು ಬಿಡುತ್ತದೆ. ಅಂಥವರಿಗೆ ಮಾತ್ರ ಮಾಡುತ್ತೇನೆ.

---

ಬುಡ_ಬಣ್ಣ

ಅಂಥವರಿಗೆ ಮಾತ್ರ ಅಂದರೆ ಸರಿ. ಮನೆಯಲ್ಲಿ ಮಾಡಿಕೊಳ್ಳುವವರು ಇದನ್ನು ಓದಿ ತಲೆಗೆಲ್ಲ ಪೆರಾಕ್ಸೈಡ್ ಸುರಿದುಕೊಂಡಾರು ಅನ್ನೋದು ನನ್ನ ಚಿಂತೆ.

---

ಗಡ್ಡದ_ಗೋಳು

20 ವಾಲ್ಯೂಮ್ ಅಂದರೇನು? 30, 40 ಅಂತಲೂ ಇರುತ್ತದೆ. ಜಾಸ್ತಿ ಅಂಕಿ ತಗೊಂಡರೆ ಗಟ್ಟಿಯಾಗಿ ಹಿಡಿಯುತ್ತಾ?

---

ರಸಾಯನ_ಮೇಷ್ಟ್ರು

ಇದಕ್ಕೆ ನಾನು ಉತ್ತರ ಕೊಡಬಹುದು. ಹೈಡ್ರೋಜನ್ ಪೆರಾಕ್ಸೈಡ್ ಒಡೆದಾಗ ಎಷ್ಟು ಆಮ್ಲಜನಕ ಬಿಡುತ್ತದೆ ಅನ್ನುವ ಅಳತೆ ಅದು. 10 ವಾಲ್ಯೂಮ್ ಅಂದರೆ ಶೇ 3 ಪೆರಾಕ್ಸೈಡ್, 20 ಅಂದರೆ ಶೇ 6, 30 ಅಂದರೆ ಶೇ 9, 40 ಅಂದರೆ ಶೇ 12.

ಒಳಗೆ ನಡೆಯುವುದು ಇಷ್ಟು. ಅಮೋನಿಯಾ ಅಥವಾ ಅದರ ಬದಲಿಗೆ ಬಳಸುವ ಕ್ಷಾರ ಕೂದಲನ್ನು ಉಬ್ಬಿಸಿ ಹೊರಪದರ ತೆರೆಯುತ್ತದೆ. ಡೈಯಲ್ಲಿರುವ ಪಿಪಿಡಿಯಂಥ (ಪೂರ್ತಿ ಹೆಸರು ಪಿ-ಫಿನೈಲಿನ್‌ಡೈಅಮೀನ್) ಚಿಕ್ಕ ಅಣುಗಳು ಒಳಗೆ ನುಗ್ಗುತ್ತವೆ. ಅವಕ್ಕೆ ಆಗ ಬಣ್ಣವೇ ಇರುವುದಿಲ್ಲ. ಪೆರಾಕ್ಸೈಡ್ ಅವನ್ನು ಉತ್ಕರ್ಷಿಸಿದಾಗ ಒಂದಕ್ಕೊಂದು ಕೂಡಿ ದೊಡ್ಡ ಬಣ್ಣದ ಅಣುವಾಗುತ್ತವೆ. ದೊಡ್ಡದಾದ ಮೇಲೆ ಬಂದ ದಾರಿಯಲ್ಲಿ ಹೊರಗೆ ಹೋಗಲು ಆಗುವುದಿಲ್ಲ. ಪರ್ಮನೆಂಟ್ ಅನ್ನುವುದು ಅದಕ್ಕೇ. ಈ ಕೂಡುವ ಕೆಲಸಕ್ಕೇ ಸಮಯ ಬೇಕು. ಅಕ್ಕ ಬೇಗ ತೊಳೆಯಬೇಡಿ ಅಂದಿದ್ದರ ಹಿಂದಿನ ಕಾರಣ ಇದು.

ಇತಿಹಾಸ ಬೇಕಿದ್ದರೆ: ಪಿಪಿಡಿಗೆ ಈ ಗುಣ ಇದೆ ಅಂತ ಆಗಸ್ಟ್ ಹಾಫ್‌ಮನ್ 1863ರಲ್ಲಿ ಗುರುತಿಸಿದರು. 1907ರಲ್ಲಿ ಫ್ರಾನ್ಸಿನ ಯೂಜೀನ್ ಶ್ಯೂಲರ್ ಕೂದಲಿನ ಕೃತಕ ಬಣ್ಣ ತಯಾರಿಸಿ ಕ್ಷೌರಿಕರಿಗೆ ಮಾರಲು ಶುರು ಮಾಡಿದರು, 1909ರಲ್ಲಿ ಕಟ್ಟಿದ ಅವರ ಕಂಪನಿಯೇ ಇಂದಿನ ಲೋರಿಯಲ್. ನೂರು ವರ್ಷ ದಾಟಿದರೂ ಮೂಲ ರಸಾಯನ ಹೆಚ್ಚೇನೂ ಬದಲಾಗಿಲ್ಲ ಅನ್ನೋದು ನನಗೆ ಯಾವಾಗಲೂ ಅಚ್ಚರಿ.

---

ಕತ್ತರಿ_ಬಾಚಣಿಗೆ

ಮೇಷ್ಟ್ರೇ, ಎಷ್ಟು ಚೆನ್ನಾಗಿ ಹೇಳಿದಿರಿ.

ಗಡ್ಡದ ಗೋಳು ಅವರೇ, ಜಾಸ್ತಿ ಅಂಕಿ ಅಂದರೆ ಗಟ್ಟಿ ಹಿಡಿತ ಅಲ್ಲ. ಪೆರಾಕ್ಸೈಡ್ ಎರಡು ಕೆಲಸ ಮಾಡುತ್ತದೆ: ಹೊಸ ಬಣ್ಣ ಕೂಡಿಸುತ್ತದೆ, ಹಳೆಯ ಹುಟ್ಟು ಬಣ್ಣ ತಿಳಿ ಮಾಡುತ್ತದೆ. 30, 40 ಹಾಕಿದರೆ ಎರಡನೆಯ ಕೆಲಸ ಜಾಸ್ತಿಯಾಗುತ್ತದೆ. ನಿಮ್ಮ ಬಿಳಿಯಲ್ಲದ ಕೂದಲಿನಿಂದ ಕಪ್ಪು ಹೋಗಿ ಅಡಿಯಲ್ಲಿದ್ದ ಕೆಂಪು, ಕಿತ್ತಳೆ ಮೇಲೆ ಬರುತ್ತದೆ. ಬಿಳಿ ಮುಚ್ಚಲು 20 ವಾಲ್ಯೂಮ್ ಸರಿಯಾದ ಜಾಗ. ಬುಡಕ್ಕೆ ತಲೆಯ ಶಾಖವೂ ತಗಲುವುದರಿಂದ ಅಲ್ಲಿ ಕೆಲಸ ಇನ್ನೂ ಜೋರು. 'ಬುಡ ಕೆಂಪು, ತುದಿ ಕಪ್ಪು' ತಲೆಗಳು ಹುಟ್ಟುವುದು ಹೀಗೆ. ಹಳೆ ಬಣ್ಣವಿರುವ ತುದಿ ತಿಳಿಯಾಗಲ್ಲ, ಹೊಸ ಬುಡ ಮಾತ್ರ ಬೆಂಕಿ.

---

ಅರ್ಧನರೆ

ಅಂದರೆ ಕಪ್ಪು ಹಚ್ಚಿಕೊಂಡಿರುವ ತಲೆಗೆ ಕಂದು ಡೈ ಹಚ್ಚಿದರೆ ಕಂದು ಆಗಲ್ಲವಾ? ನಾನು ಮುಂದಿನ ಸಲ 4ಕ್ಕೆ ಹೋಗೋಣ ಅಂದುಕೊಂಡಿದ್ದೆ.

---

ಬುಡ_ಬಣ್ಣ

ಆಗಲ್ಲ. ಬಣ್ಣ ಬಣ್ಣವನ್ನು ಎತ್ತುವುದಿಲ್ಲ, ಇದು ನಮ್ಮ ಕೆಲಸದ ಮೊದಲ ಪಾಠ. ಬುಡ ಕಂದಾಗುತ್ತದೆ, ಉಳಿದದ್ದು ಕಪ್ಪಾಗೇ ಇರುತ್ತದೆ. ಹಳೆ ಕಪ್ಪು ತೆಗೆಯಲು ಮೂರು ದಾರಿ. ಮೇಷ್ಟ್ರು ಹೇಳಿದ ದೊಡ್ಡ ಅಣುವನ್ನು ಮತ್ತೆ ಚಿಕ್ಕದು ಮಾಡಿ ತೊಳೆದುಹಾಕುವ ಕಲರ್ ರಿಮೂವರ್. ಇಲ್ಲವೇ ಬ್ಲೀಚ್. ಇಲ್ಲವೇ ಬೆಳೆಯಲು ಬಿಟ್ಟು ಕತ್ತರಿಸುತ್ತಾ ಹೋಗುವುದು. ರಿಮೂವರ್ ಹಾಕಿದರೆ ಮೊಟ್ಟೆ ಕೊಳೆತ ವಾಸನೆ ಬರುತ್ತದೆ. ಎಷ್ಟು ತೊಳೆದರೂ ಸಾಲದು, ಸರಿಯಾಗಿ ತೊಳೆಯದಿದ್ದರೆ ಮಾರನೇ ದಿನ ಮತ್ತೆ ಕಪ್ಪಾಗುತ್ತದೆ. ಹುಟ್ಟು ಬಣ್ಣವೂ ವಾಪಸ್ ಬರಲ್ಲ, ಏಕೆಂದರೆ ಪೆರಾಕ್ಸೈಡ್ ಅದನ್ನು ಆಗಲೇ ತಿಂದಿರುತ್ತದೆ.

---

ಕತ್ತರಿ_ಬಾಚಣಿಗೆ

ನಿಮ್ಮ ತಲೆ ನೋಡದೆ ಹೇಳುವುದಾದರೆ, ಬ್ಲೀಚಿಗೆ ಹೋಗಬೇಡಿ. ಬುಡಕ್ಕೆ ಮೊದಲು 3 ನ್ಯಾಚುರಲ್ ಹಚ್ಚಿ. ಕಪ್ಪಿಗೂ ಅದಕ್ಕೂ ಅಂಥ ದೊಡ್ಡ ಅಂತರ ಕಾಣಲ್ಲ. ತುದಿಗೆ ಕೈ ಹಚ್ಚಬೇಡಿ. ಕೆಲವು ತಿಂಗಳು ಹಾಗೇ ಹೋಗಿ, ಕತ್ತರಿಸುವಾಗ ಕಪ್ಪು ತುದಿ ಹೋಗುತ್ತಿರಲಿ, ಆಮೇಲೆ 4. ಸೀದಾ ಕಪ್ಪಿನಿಂದ 5ಕ್ಕೆ, 6ಕ್ಕೆ ಒಂದೇ ದಿನ ಹಾರಬೇಕು ಅನ್ನುವವರ ಕೂದಲು ನಾರಾಗುವುದನ್ನು ನೋಡಿದ್ದೇನೆ.

---

ಹಸಿರೆಲೆ

ಇಷ್ಟೆಲ್ಲ ಕೆಮಿಕಲ್ ಯಾಕೆ ಬೇಕು ಅಂತ! ನಾನು ಅಮೋನಿಯಾ ಇಲ್ಲದ ಹರ್ಬಲ್ ಡೈ ಬಳಸುತ್ತೇನೆ. ಹತ್ತು ನಿಮಿಷಕ್ಕೆ ಕರ್ರಗೆ ಆಗುತ್ತದೆ. ಯಾವ ಅಡ್ಡ ಪರಿಣಾಮವೂ ಇಲ್ಲ. ಸುಮ್ನೆ ಜನರನ್ನು ಹೆದರಿಸಬೇಡಿ.

---

ಕತ್ತರಿ_ಬಾಚಣಿಗೆ

ಹೆದರಿಸುವ ಉದ್ದೇಶ ಇಲ್ಲ, ಬಣ್ಣ ಹಚ್ಚಿಯೇ ನಾನು ಊಟ ಮಾಡುವುದು. ಆದರೆ ಒಂದು ಕೆಲಸ ಮಾಡಿ. ಆ ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿರುವುದನ್ನು ಓದಿ. ಪಿ-ಫಿನೈಲಿನ್‌ಡೈಅಮೀನ್, ಪಿಪಿಡಿ, ಟಾಲ್ಯುಯೀನ್-2,5-ಡೈಅಮೀನ್, ಈ ಹೆಸರುಗಳಲ್ಲಿ ಒಂದಾದರೂ ಇದೆಯಾ ನೋಡಿ.

ಶುದ್ಧ ಮೆಹಂದಿಯಲ್ಲಿರುವ ಬಣ್ಣದ ಅಣುವಿನ ಹೆಸರು ಲಾಸೋನ್. ಅದು ಬಿಳಿ ಕೂದಲಿಗೆ ಕೊಡುವುದು ಕಿತ್ತಳೆ. ಕಪ್ಪು ಕೊಡಲು ಅದಕ್ಕೆ ಬರುವುದೇ ಇಲ್ಲ. ಗಿಡದಿಂದಲೇ ಕಪ್ಪು ಬೇಕು ಅಂದರೆ ಮೊದಲು ಮೆಹಂದಿ, ತೊಳೆದು, ಅದರ ಮೇಲೆ ನೀಲಿ ಗಿಡದ ಎಲೆ ಪುಡಿ ಹಚ್ಚಬೇಕು. ಗಂಟೆಗಟ್ಟಲೆ ಕೆಲಸ. ಹತ್ತು ನಿಮಿಷಕ್ಕೆ ಕಪ್ಪಾಗುವ 'ಮೆಹಂದಿ'ಯ ಒಳಗೆ ಬೇರೆ ಏನೋ ಇದೆ, ಸಾಮಾನ್ಯವಾಗಿ ಅದು ಪಿಪಿಡಿ.

ಅಮೋನಿಯಾ ಇಲ್ಲ ಅನ್ನುವುದೂ ಹಾಗೇ. ಅಮೋನಿಯಾ ಮೂಗಿಗೆ ಹೊಡೆಯುತ್ತದೆ, ಕಣ್ಣು ಉರಿಸುತ್ತದೆ, ಅದಕ್ಕೆ ಎಲ್ಲರಿಗೂ ಅದರ ಮೇಲೆ ಕೋಪ. ಅದರ ಬದಲಿಗೆ ಹಾಕುವ ಮೋನೋಎಥನಾಲಮೀನ್‌ಗೆ ವಾಸನೆ ಇಲ್ಲ ಅಷ್ಟೇ, ಹೊರಪದರ ತೆರೆಯುವ ಕೆಲಸ ಅದೂ ಮಾಡುತ್ತದೆ. ಅಲರ್ಜಿ ತರುವುದು ಬಣ್ಣದ ಅಣು. ಅಮೋನಿಯಾ ತೆಗೆದರೆ ಅದೇನೂ ಹೋಗಲ್ಲ, ಅಲ್ವಾ?

---

ತುರಿಕೆ_ತಲೆ

ಇದನ್ನು ನಾನು ಅನುಭವಿಸಿದ್ದೇನೆ. ವರ್ಷಗಟ್ಟಲೆ ಅದೇ ಡೈ, ಏನೂ ಆಗಿರಲಿಲ್ಲ. ಒಂದು ಸಲ ಹಚ್ಚಿದ ಮಾರನೇ ದಿನ ಕಿವಿಯ ಹಿಂದೆ ತುರಿಕೆ, ಅದರ ಮಾರನೇ ದಿನ ಕಣ್ಣು ತೆರೆಯಲಾಗದಷ್ಟು ಮುಖ ಊತ. ಚರ್ಮದ ಡಾಕ್ಟರು ಪರೀಕ್ಷೆ ಮಾಡಿ ಪಿಪಿಡಿ ಅಲರ್ಜಿ ಅಂದರು. ಇಷ್ಟು ವರ್ಷ ಒಗ್ಗಿದ್ದು ಈಗ ಯಾಕೆ ಒಗ್ಗಲಿಲ್ಲ ಅಂತ ನನಗಿನ್ನೂ ಅರ್ಥ ಆಗಿಲ್ಲ.

---

ರಸಾಯನ_ಮೇಷ್ಟ್ರು

ಈ ಅಲರ್ಜಿ ಬರುವುದೇ ಹಾಗೆ. ದೇಹದ ರಕ್ಷಣಾ ವ್ಯವಸ್ಥೆ ಮೊದಲು ಆ ಅಣುವನ್ನು ಗುರುತು ಹಿಡಿದುಕೊಳ್ಳುತ್ತದೆ. ಅದು ಯಾವತ್ತು ಬೇಕಾದರೂ ಆಗಬಹುದು, ಹತ್ತನೇ ಸಲವೋ ನೂರನೇ ಸಲವೋ. ಗುರುತು ಹಿಡಿದ ಮೇಲೆ ಪ್ರತಿ ಸಲವೂ ತಿರುಗಿ ಬೀಳುತ್ತದೆ, ಮರೆಯುವುದಿಲ್ಲ. ತಕ್ಷಣ ಬರದೆ ಒಂದೆರಡು ದಿನ ತಡವಾಗಿ ಬರುವುದು ಇದರ ಲಕ್ಷಣ. ಹಾಗಾಗಿಯೇ ಪ್ಯಾಚ್ ಟೆಸ್ಟ್, ಅಂದರೆ ಚರ್ಮದ ಸಣ್ಣ ಜಾಗಕ್ಕೆ ಸ್ವಲ್ಪ ಹಚ್ಚಿ ನೋಡುವುದನ್ನು, 48 ಗಂಟೆ ಮೊದಲು ಮಾಡಿ ಅನ್ನುವುದು.

ಕೈಮೇಲೆ ಬರೆಸಿಕೊಳ್ಳುವ ತಾತ್ಕಾಲಿಕ 'ಕಪ್ಪು ಮೆಹಂದಿ' ಟ್ಯಾಟೂಗಳಲ್ಲಿ ಪಿಪಿಡಿ ವಿಪರೀತ ಇರುವುದುಂಟು. ಯುರೋಪಿನಲ್ಲಿ ಕೂದಲಿನ ಬಣ್ಣಕ್ಕೆ ಇರುವ ಮಿತಿ, ಬೆರೆಸಿದ ಮೇಲೆ ತಲೆಗೆ ತಗಲುವಾಗ ಶೇ 2. ಟ್ಯಾಟೂಗೆ ಅಂಥ ಲೆಕ್ಕ ಯಾರೂ ಇಡುವುದಿಲ್ಲ. ಚಿಕ್ಕವರಿದ್ದಾಗ ಅದು ಬರೆಸಿಕೊಂಡು ಗುಳ್ಳೆ ಎದ್ದಿದ್ದರೆ ಮುಂದೆ ತಲೆಗೆ ಡೈ ಹಚ್ಚುವ ಮೊದಲು ಹತ್ತು ಸಲ ಯೋಚಿಸಬೇಕು.

---

ಕತ್ತರಿ_ಬಾಚಣಿಗೆ

ತುರಿಕೆ ಅವರೇ, ನೀವು ಪಿಪಿಡಿ ಇಲ್ಲ ಅಂತ ಬರೆದ ಡೈ ಕೂಡ ನಿಮ್ಮಷ್ಟಕ್ಕೆ ಹಚ್ಚಬೇಡಿ. ಅದರ ಬದಲಿಗೆ ಬಳಸುವ ಟಾಲ್ಯುಯೀನ್ ಡೈಅಮೀನಿಗೂ ಎಷ್ಟೋ ಜನರ ಮೈ ಅದೇ ರೀತಿ ತಿರುಗಿ ಬೀಳುತ್ತದೆ. ಹಲ್ಲಿನ ಡಾಕ್ಟರಿಗೂ ಈ ಅಲರ್ಜಿ ಇರುವುದನ್ನು ಹೇಳಿಡಿ. ಬೆಂಜೊಕೇನ್‌ನಂಥ ಕೆಲವು ಮರಗಟ್ಟಿಸುವ ಔಷಧಿಗೂ ಕೆಲವರಿಗೆ ಆಗುವುದುಂಟು.

ಪರ್ಮನೆಂಟ್ ಬಿಟ್ಟರೆ ಉಳಿಯುವ ದಾರಿ: ಶುದ್ಧ ಮೆಹಂದಿ, ಬುಡಕ್ಕೆ ಸವರುವ ಪುಡಿ ಅಥವಾ ಸ್ಪ್ರೇ, ಮೇಲ್ಮೈಗೆ ಮಾತ್ರ ಅಂಟುವ ಸೆಮಿ ಪರ್ಮನೆಂಟ್. ಕೊನೆಯದರಲ್ಲೂ ಪಟ್ಟಿ ಓದಿ, ಡಾಕ್ಟರಿಗೆ ತೋರಿಸಿಯೇ ಹಚ್ಚಿ.

ಈ ನೆಪದಲ್ಲಿ ಎಲ್ಲರಿಗೂ ಒಂದು ಮಾತು. ತಲೆಗೆ ಮೊದಲು ಏನೇನು ಹಚ್ಚಿದ್ದೀರಿ ಅಂತ ಕೇಳಿದಾಗ ದಯವಿಟ್ಟು ನಿಜ ಹೇಳಿ. "ಏನೂ ಇಲ್ಲ, ಬರೀ ಮೆಹಂದಿ" ಅಂತಾರೆ. ಕೆಲವು ಪುಡಿಗಳಲ್ಲಿ, ದಿನಾ ಸವರಿದರೆ ನಿಧಾನಕ್ಕೆ ಕಪ್ಪಾಗುವ ಕೆಲವು ದ್ರವಗಳಲ್ಲಿ ಲೋಹದ ಉಪ್ಪು ಇರುತ್ತದೆ. ಸೀಸದ ಅಸಿಟೇಟ್ ಹಾಕುತ್ತಿದ್ದ ಕಾಲವೂ ಇತ್ತು, ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದರ ಅನುಮತಿ ಹಿಂತೆಗೆದುಕೊಳ್ಳುವ ತೀರ್ಮಾನ ಪ್ರಕಟಿಸಿದ್ದೇ 2018ರಲ್ಲಿ. ಅಂಥ ಕೂದಲಿಗೆ ಪೆರಾಕ್ಸೈಡ್ ತಗಲಿದರೆ ಕೂದಲು ಬಿಸಿಯಾಗುತ್ತದೆ, ಮುಟ್ಟಿದಲ್ಲೇ ಮುರಿಯುತ್ತದೆ. ಅನುಮಾನ ಬಂದರೆ ನಾನು ಬಾಚಣಿಗೆಗೆ ಬಂದ ನಾಲ್ಕು ಕೂದಲನ್ನು ಗಾಜಿನ ಬಟ್ಟಲಲ್ಲಿ 20 ವಾಲ್ಯೂಮ್ ಪೆರಾಕ್ಸೈಡ್, ಕೆಲವು ಹನಿ ಅಮೋನಿಯಾ ಜೊತೆ ಅರ್ಧ ಗಂಟೆ ಇಡುತ್ತೇನೆ. ಬಿಸಿಯಾದರೆ, ನೊರೆ ಎದ್ದರೆ, ಕೆಟ್ಟ ವಾಸನೆ ಬಂದರೆ ಆ ತಲೆಗೆ ನಾನು ಕೈ ಹಾಕಲ್ಲ. ಬಂದವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

---

ಹಸಿರೆಲೆ

ಪ್ಯಾಕೆಟ್ ನೋಡಿದೆ. ಪಿಪಿಡಿ ಇದೆ. ಮುಂದೆ ಎಲೆಯ ಚಿತ್ರ, ಹಿಂದೆ ಪಿಪಿಡಿ! ಇಷ್ಟು ದಿನ ಏನೂ ಆಗಿಲ್ಲ ಅನ್ನೋದೇ ಸಮಾಧಾನ.

---

ಬಾಲನೆರೆ_27

ನನಗೆ ಕಾಲೇಜಿನಲ್ಲಿ ಇದ್ದಾಗಲೇ ಶುರುವಾಯಿತು. ಟೆನ್ಶನ್ ಜಾಸ್ತಿ, ಅದಕ್ಕೇ ಅಂತ ಎಲ್ಲರೂ ಹೇಳುತ್ತಾರೆ. ಒಂದು ಕಿತ್ತರೆ ನಾಲ್ಕು ಬರುತ್ತವೆ ಅಂತಾರೆ. ಇದಕ್ಕೆ ಔಷಧಿ ಇದೆಯಾ? ಈಗಿಂದಲೇ ಡೈ ಶುರು ಮಾಡಬೇಕಾ?

---

ರಸಾಯನ_ಮೇಷ್ಟ್ರು

ಕಿತ್ತರೆ ನಾಲ್ಕು ಬರಲ್ಲ. ಒಂದು ರಂಧ್ರದ ಕೂದಲು ಕಿತ್ತರೆ ಪಕ್ಕದ ರಂಧ್ರಕ್ಕೆ ಗೊತ್ತಾಗುವುದೂ ಇಲ್ಲ. ಆದರೆ ಕೀಳುತ್ತಲೇ ಇದ್ದರೆ ಆ ಬುಡ ಹಾಳಾಗಿ ಕೂದಲೇ ಬರದೇ ಹೋಗಬಹುದು.

ಕೂದಲಿಗೆ ಬಣ್ಣ ಕೊಡುವ ಜೀವಕೋಶಗಳು ಬುಡದಲ್ಲಿರುವ ಕಾಂಡಕೋಶಗಳಿಂದ ಬರುತ್ತವೆ. ಆ ದಾಸ್ತಾನು ಮುಗಿದ ಮೇಲೆ ಹುಟ್ಟುವ ಕೂದಲು ಬಿಳಿ. ಯಾವಾಗ ಮುಗಿಯುತ್ತದೆ ಅನ್ನುವುದರಲ್ಲಿ ಮನೆತನದ ಪಾಲು ದೊಡ್ಡದು. ನರೆಯ ಜೊತೆ ನಂಟಿರುವ ಐಆರ್‌ಎಫ್4 ಅನ್ನುವ ಜೀನನ್ನು 2016ರಲ್ಲಿ ಗುರುತಿಸಿದರು. ಟೆನ್ಶನ್ ಮಾತು ಪೂರ್ತಿ ಸುಳ್ಳಲ್ಲ. 2020ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗದಲ್ಲಿ, ತೀವ್ರ ಒತ್ತಡವಾದಾಗ ನರಗಳು ಸುರಿಸುವ ನಾರ್‌ಅಡ್ರಿನಲಿನ್ ಈ ಕಾಂಡಕೋಶಗಳನ್ನು ಒಟ್ಟಿಗೇ ಖರ್ಚು ಮಾಡಿಬಿಡುವುದು ಕಂಡಿತು. 2021ರಲ್ಲಿ ಮನುಷ್ಯರ ಕೆಲವು ಕೂದಲುಗಳಲ್ಲಿ ಬಿಳಿಯಿಂದ ಮತ್ತೆ ಬಣ್ಣಕ್ಕೆ ತಿರುಗಿದ್ದನ್ನೂ ದಾಖಲಿಸಿದರು. ಕೆಲವೇ ಕೂದಲು. ಅದನ್ನು ಹಿಡಿದುಕೊಂಡು ಎಣ್ಣೆ ಮಾರುವವರನ್ನು ನಂಬಬೇಡಿ.

ಏಷ್ಯಾ ಮೂಲದವರಲ್ಲಿ 25ಕ್ಕಿಂತ ಮೊದಲು, ಯುರೋಪ್ ಮೂಲದವರಲ್ಲಿ 20ಕ್ಕಿಂತ ಮೊದಲು, ಆಫ್ರಿಕಾ ಮೂಲದವರಲ್ಲಿ 30ಕ್ಕಿಂತ ಮೊದಲು ಬಂದರೆ ವೈದ್ಯರು ಅದನ್ನು ಬಾಲನೆರೆ ಅನ್ನುತ್ತಾರೆ. ಬಿ12 ಕೊರತೆ, ಥೈರಾಯ್ಡ್ ತೊಂದರೆ ಇದ್ದರೂ ಹೀಗಾಗಬಹುದು. ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ.

---

ಕತ್ತರಿ_ಬಾಚಣಿಗೆ

ನಿಮ್ಮ ವಯಸ್ಸಿನವರಿಗೆ ನಾನು ಪೂರ್ತಿ ಮುಚ್ಚುವ ಪರ್ಮನೆಂಟ್ ಅಷ್ಟು ಬೇಗ ಶುರು ಮಾಡಿಸುವುದಿಲ್ಲ. ಅಲ್ಲೊಂದು ಇಲ್ಲೊಂದು ಬಿಳಿ ಇದ್ದರೆ ಡೆಮಿ ಪರ್ಮನೆಂಟ್ ಸಾಕು. ಅದರ ಡೆವಲಪರ್ ತೆಳು. ಬಿಳಿಯನ್ನು ಪೂರ್ತಿ ಮುಚ್ಚುವ ಬದಲು ಮಬ್ಬು ಮಾಡುತ್ತದೆ, 20-24 ತೊಳೆತಕ್ಕೆ ನಿಧಾನವಾಗಿ ಮಾಸುತ್ತದೆ. ಬೈತಲೆಯಲ್ಲಿ ಗೆರೆ ಬೀಳಲ್ಲ. ಹುಟ್ಟು ಬಣ್ಣ ಹೆಚ್ಚು ಕೆಡಲ್ಲ. ಅಲರ್ಜಿ ತರುವ ಅಣು ಇದರಲ್ಲೂ ಇರುತ್ತದೆ, ಪ್ಯಾಚ್ ಟೆಸ್ಟ್ ತಪ್ಪಿಸಬೇಡಿ. ಬಿಳಿ ಶೇ 30-40 ದಾಟಿದ ಮೇಲೆ ಪರ್ಮನೆಂಟ್ ಬಗ್ಗೆ ಯೋಚಿಸಿ.

---

ಬೆಳ್ಳಿಗೆರೆ

ಎಲ್ಲರೂ ಮುಚ್ಚುವ ಮಾತೇ ಆಡುತ್ತಿದ್ದೀರಿ. ನಾನು ಡೈ ಬಿಟ್ಟೆ. ಮೂರು ವಾರಕ್ಕೊಮ್ಮೆ ಬುಡ ನೋಡಿಕೊಂಡು ಕೂರುವುದು ಸಾಕಾಗಿತ್ತು. ಬಿಟ್ಟಾಗ ಜನ ಹುಷಾರಿಲ್ಲವಾ ಅಂತ ಕೇಳುತ್ತಿದ್ದರು. ಈಗ ಯಾರೂ ಕೇಳಲ್ಲ. ಆದರೆ ಬಿಳಿ ಹಳದಿಗೆ ತಿರುಗುತ್ತಿದೆ, ಅದಕ್ಕೇನಾದರೂ ಇದ್ದರೆ ಹೇಳಿ.

---

ಕತ್ತರಿ_ಬಾಚಣಿಗೆ

ಬಿಟ್ಟವರಿಗೆ ನನ್ನ ಮೆಚ್ಚುಗೆ ಇದೆ, ಗಿರಾಕಿ ಹೋದರೂ! ಹಳದಿಗೆ ಬಿಸಿಲು, ಗಡಸು ನೀರು, ಬಿಸಿ ಇಸ್ತ್ರಿ, ಸಿಗರೇಟ್ ಹೊಗೆ ಕಾರಣವಾಗುತ್ತವೆ. ವಾರಕ್ಕೊಮ್ಮೆ ನೇರಳೆ ಶಾಂಪೂ ಹಾಕಿ. ನೇರಳೆ ಹಳದಿಯನ್ನು ಕೊಲ್ಲುತ್ತದೆ. ದಿನಾ ಹಾಕಿದರೆ ತಲೆಯೇ ನೇರಳೆಯಾದೀತು, ಜೋಕೆ.

ಬಿಡಬೇಕು ಅಂತ ಇರುವವರಿಗೆ: ಒಮ್ಮೆಗೇ ನಿಲ್ಲಿಸಿದರೆ ಕಪ್ಪು-ಬಿಳುಪಿನ ಗಡಿ ಕಣ್ಣಿಗೆ ಹೊಡೆಯುತ್ತದೆ. ಉದ್ದ ಕೂದಲಿಗೆ ಎರಡು ವರ್ಷವೂ ಹಿಡಿಯಬಹುದು. ಮಧ್ಯೆ ಮಧ್ಯೆ ಸಣ್ಣ ಎಳೆಗಳನ್ನು ತಿಳಿ ಮಾಡಿಸಿದರೆ ಗಡಿ ಕರಗುತ್ತದೆ. ನನ್ನ ಕೈಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ, ಕಪ್ಪು ಬಳಿಯುವುದಕ್ಕಿಂತ ಇದರಲ್ಲಿ ಕಣ್ಣು ಜಾಸ್ತಿ ಬೇಕು.

---

ರಸಾಯನ_ಮೇಷ್ಟ್ರು

ಐವತ್ತನೇ ವಯಸ್ಸಿಗೆ ಅರ್ಧ ಜನರ ಅರ್ಧ ತಲೆ ಬಿಳಿ ಅಂತ ಒಂದು ಹಳೆ ಮಾತಿದೆ. 2012ರಲ್ಲಿ ಪ್ರಕಟವಾದ ಜಗತ್ತಿನ ಬೇರೆ ಬೇರೆ ಕಡೆಯ ಸಮೀಕ್ಷೆಯಲ್ಲಿ ಅದು ಸುಳ್ಳಾಯಿತು. ಆ ವಯಸ್ಸಿಗೆ ಅರ್ಧ ತಲೆ ಬಿಳಿಯಾದವರು ಶೇ 6ರಿಂದ 23 ಮಾತ್ರ.

ಅಂದಹಾಗೆ ಅಕ್ಕ, ನೀವಿಬ್ಬರೂ ಗ್ಲೌಸ್ ಹಾಕುತ್ತೀರಿ ತಾನೇ? ಕ್ಷೌರಿಕರ, ಕೂದಲು ಕೆಲಸದವರ ವೃತ್ತಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1993ರಲ್ಲೇ 2ಎ ಗುಂಪಿಗೆ ಸೇರಿಸಿದೆ, ಅಂದರೆ ಬಹುಶಃ ಕ್ಯಾನ್ಸರ್‌ಕಾರಕ. 2010ರ ಸಂಪುಟದಲ್ಲೂ ಅದೇ ಉಳಿಯಿತು. ತಮ್ಮ ತಲೆಗೆ ಮಾತ್ರ ಹಚ್ಚಿಕೊಳ್ಳುವವರದ್ದು 3ನೇ ಗುಂಪು, ಅಂದರೆ ಹೌದು ಅಲ್ಲ ಅನ್ನಲು ಪುರಾವೆ ಸಾಲದು.

---

ಬುಡ_ಬಣ್ಣ

ಹಚ್ಚುವಾಗ ಎಲ್ಲರೂ ಹಾಕುತ್ತಾರೆ, ಸರ್. ತೊಳೆಯುವಾಗ ತೆಗೆದುಬಿಡುತ್ತಾರೆ. ಬಣ್ಣ ಕೈಗೆ ಜಾಸ್ತಿ ತಗಲುವುದು ಆಗಲೇ. ಬೆರಳ ಸಂದಿ ಒಡೆದು, ತುರಿಕೆ ಬಂದು ಈ ಕೆಲಸವನ್ನೇ ಬಿಟ್ಟವರು ನನಗೆ ಗೊತ್ತು. ಬೆರೆಸುವುದು ಕಿಟಕಿ ಪಕ್ಕ, ತೊಳೆಯುವುದಕ್ಕೂ ಗ್ಲೌಸ್, ಒಮ್ಮೆ ಹಾಕಿದ್ದು ಮತ್ತೆ ಇಲ್ಲ. ನಮ್ಮ ಹುಡುಗರಿಗೆ ಇದೊಂದರಲ್ಲಿ ನಾನು ತೀರಾ ಕಟ್ಟುನಿಟ್ಟು.

---

ಗಡ್ಡದ_ಗೋಳು

ನನ್ನ ಸರದಿ. ತಲೆಗೆ ಹಚ್ಚಿ ಉಳಿದದ್ದನ್ನು ಗಡ್ಡಕ್ಕೆ, ಹುಬ್ಬಿಗೆ ಸವರಬಹುದಾ? ಹುಬ್ಬಿನಲ್ಲೂ ಎರಡು ಬಿಳಿ ಬಂದಿವೆ.

---

ಕತ್ತರಿ_ಬಾಚಣಿಗೆ

ಹುಬ್ಬಿಗೆ ಬೇಡ, ರೆಪ್ಪೆಗಂತೂ ಬೇಡವೇ ಬೇಡ. 1930ರ ದಶಕದಲ್ಲಿ ಅಮೆರಿಕದಲ್ಲಿ ಲ್ಯಾಶ್ ಲೂರ್ ಅನ್ನುವ ರೆಪ್ಪೆ ಬಣ್ಣದಿಂದ ಹೆಂಗಸರು ಕಣ್ಣು ಕಳೆದುಕೊಂಡರು. ಅದರಲ್ಲಿದ್ದದ್ದೂ ಇದೇ ಜಾತಿಯ ರಾಸಾಯನಿಕ. 1938ರಲ್ಲಿ ಅಲ್ಲಿ ಸೌಂದರ್ಯವರ್ಧಕಗಳನ್ನೂ ಕಾನೂನಿನ ಅಡಿ ತರಲು ಆ ಪ್ರಕರಣವೂ ಒಂದು ಕಾರಣ. ಹುಬ್ಬಿನ ಎರಡು ಬಿಳಿಗೆ ಹುಬ್ಬಿನ ಪೆನ್ಸಿಲ್ ಸಾಕು.

ಗಡ್ಡಕ್ಕೆ ತಲೆಯ ಡೈ ಹಚ್ಚಬೇಡಿ, ಗಡ್ಡದ್ದೇ ಬೇರೆ ಸಿಗುತ್ತದೆ. ಮುಖದ ಚರ್ಮ ತಲೆಯ ಚರ್ಮದಷ್ಟು ತಡೆಯುವುದಿಲ್ಲ. ಅದರ ಸಮಯ ಚಿಕ್ಕದು, ಬಹಳಷ್ಟಕ್ಕೆ ಐದು ನಿಮಿಷ. ಇಲ್ಲಿ ಕಡು ಕಪ್ಪು ಇನ್ನೂ ಕೆಟ್ಟದಾಗಿ ಕಾಣುತ್ತದೆ, ತಲೆಗಿಂತ ಒಂದು ಮಟ್ಟ ತಿಳಿಯಾಗಿರಲಿ. ಗಲ್ಲದ ಹತ್ತಿರ ನಾಲ್ಕು ಬಿಳಿ ಉಳಿದರೆ ಉಳಿಯಲಿ, ಹುಟ್ಟು ಗಡ್ಡದ ಹಾಗೆ ಕಾಣುತ್ತದೆ.

---

ಗಡ್ಡದ_ಗೋಳು

ಸರಿ ಮೇಡಂ. ಕಿವಿ ಹಿಂದೆ ಪ್ಯಾಚ್ ಟೆಸ್ಟ್ ಹಚ್ಚಿಕೊಂಡಿದ್ದೇನೆ. ಎರಡು ದಿನ ಅಲ್ಲಿ ನೀರು ತಾಗಿಸಬಾರದಾ? ಗಡ್ಡ ಟ್ರಿಮ್ ಮಾಡುವುದು ಮೊದಲಾ, ಬಣ್ಣ ಮೊದಲಾ?

---

ಕತ್ತರಿ_ಬಾಚಣಿಗೆ

ಎಷ್ಟು ಹೊತ್ತು ಬಿಡಬೇಕು, ಯಾವಾಗ ತೊಳೆಯಬೇಕು ಅಂತ ಪ್ಯಾಕೆಟ್ಟಿನ ಒಳಗಿನ ಚೀಟಿಯಲ್ಲಿ ಬರೆದಿರುತ್ತದೆ, ಒಂದೊಂದರದ್ದು ಒಂದೊಂದು ಥರ. ಅದರಂತೆ ಮಾಡಿ. ತುರಿಕೆ, ಉರಿ, ಕೆಂಪು ಬಂದರೆ 48 ಗಂಟೆ ಕಾಯಬೇಡಿ, ಕೂಡಲೇ ತೊಳೆಯಿರಿ, ಆ ಬಣ್ಣ ಮರೆತುಬಿಡಿ.

ಟ್ರಿಮ್ ಹಿಂದಿನ ದಿನ ಮಾಡಿ. ಬ್ಲೇಡ್ ತಾಗಿ ಗೀರಿದ ಚರ್ಮದ ಮೇಲೆ ಬಣ್ಣ ಬೀಳಬಾರದು. ಹಚ್ಚುವ ಮೊದಲು ಕೆನ್ನೆಯ ಅಂಚಿಗೆ ವ್ಯಾಸಲೀನ್ ಸವರಿ, ಗಡ್ಡದ ಮೇಲೆ ತಾಗದಂತೆ. ತಾಗಿದ ಕಡೆ ಬಣ್ಣ ಹಿಡಿಯಲ್ಲ.